ಶ್ರೀರಂಗಪಟ್ಟಣದ ಲಾರ್ಡು

ಮೊನ್ನೆ ಆಫೀಸಿನ ಊಟದ ಮೇಜಲ್ಲಿ ಡೌನ್ಟನ್ ಅಬ್ಬಿ ಧಾರಾವಾಹಿಯ ಮಾತು ಬಂತು. "ಏನೇ ಹೇಳಿ, ಆ ಮನೆ, ಆ ಶಿಸ್ತು, ಆ ಲಾರ್ಡುಗಳ ಗತ್ತು! ನೂರಾರು ವರ್ಷದಿಂದ ಮನೆತನದ ಹೆಸರು ಉಳಿಸಿಕೊಂಡು ಬಂದಿದ್ದಾರಲ್ಲ, ಅದು ದೊಡ್ಡದು ಕಣ್ರೀ" ಅಂದರು ಒಬ್ಬರು. ಎಲ್ಲರೂ ತಲೆಯಾಡಿಸಿದರು. ನಾನು ಮೊಸರನ್ನ ಕಲಸುತ್ತಾ ಸುಮ್ಮನೆ ಕೂತಿದ್ದೆ. ಹೇಳಬೇಕಾಗಿದ್ದ ಮಾತೆಲ್ಲ ಎಂದಿನಂತೆ ಮೆಟ್ರೋದಲ್ಲಿ ಮನೆಗೆ ಬರುವಾಗ ಹೊಳೆಯಿತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಆ ಧಾರಾವಾಹಿಯ ಕಥೆ ಶುರುವಾಗೋದು ಹೇಗೆ ಅಂತ ನೆನಪಿಸಿಕೊಳ್ಳಿ. 1912ರಲ್ಲಿ ಟೈಟಾನಿಕ್ ಮುಳುಗುತ್ತೆ, ಅದರ ಜೊತೆಗೆ ಮನೆಯ ವಾರಸುದಾರನೂ ಮುಳುಗುತ್ತಾನೆ. ಇಡೀ ಮನೆಗೆ ದಿಗಿಲು. ಮುಂದೆ ಯಾರು? ಯಜಮಾನನಿಗೆ ಮೂವರು ಮಕ್ಕಳಿದ್ದಾರೆ, ಮೂವರೂ ಗಟ್ಟಿಮುಟ್ಟಾಗಿದ್ದಾರೆ. ಆದರೂ ಬಿರುದು ಹೋಗೋದು ಯಾರೂ ಮುಖ ನೋಡಿರದ ದೂರದ ದಾಯಾದಿಯೊಬ್ಬನಿಗೆ. ಯಾಕಂದ್ರೆ ಮೂವರೂ ಹೆಣ್ಣುಮಕ್ಕಳು. ಆರು ಸೀಸನ್ ನೋಡಿ ಕಣ್ಣೊರೆಸಿಕೊಂಡ ನಾವು ಒಂದು ಸಣ್ಣ ಪ್ರಶ್ನೆ ಕೇಳಲಿಲ್ಲ. ಮೂರು ಮಕ್ಕಳಿರೋ ಮನೆಗೆ ವಾರಸುದಾರರೇ ಇಲ್ಲ ಅಂದ್ರೆ ಏನರ್ಥ?

ಅದು ಕಥೆ, ಬಿಡಿ. ನಿಜದ ಬಿರುದೊಂದನ್ನು ನೋಡೋಣ. ಇಂಗ್ಲೆಂಡಿನಲ್ಲಿ ಬ್ಯಾರನ್ ಹ್ಯಾರಿಸ್ ಅಂತ ಒಂದು ಬಿರುದಿದೆ. ಪೂರ್ತಿ ಓದಿದರೆ ಅದು 'ಈಸ್ಟ್ ಇಂಡೀಸಿನ ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟಿನ' ಬ್ಯಾರನ್ ಹ್ಯಾರಿಸ್. ಹೌದು, ನಮ್ಮದೇ ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಒಡೆದು ಟಿಪ್ಪು ಸತ್ತಾಗ ಕಂಪನಿ ಸೈನ್ಯದ ದಂಡನಾಯಕನಾಗಿದ್ದವನು ಜನರಲ್ ಜಾರ್ಜ್ ಹ್ಯಾರಿಸ್. ಲೂಟಿಯ ಹಣದಲ್ಲಿ ಅವನೊಬ್ಬನ ಪಾಲಿಗೇ ಲಕ್ಷ ಪೌಂಡಿಗೂ ಮೀರಿ ಬಂತು. 1801ರಲ್ಲಿ ಕೆಂಟ್‌ನಲ್ಲಿ ಬೆಲ್ಮಾಂಟ್ ಎಂಬ ದೊಡ್ಡ ಮನೆ ಕೊಂಡ. 1815ರಲ್ಲಿ ಬಿರುದೂ ಬಂತು.

ಮುಂದೆ ನೋಡಿ. ಮೊಮ್ಮಗ, ಮೂರನೇ ಬ್ಯಾರನ್, ಮದ್ರಾಸಿನ ಗವರ್ನರ್ ಆದ. ಮರಿಮಗ, ನಾಲ್ಕನೆಯವನು, ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನಾಗಿದ್ದವನು, 1890ರಲ್ಲಿ ಬಾಂಬೆಯ ಗವರ್ನರ್ ಆಗಿ ಬಂದ. 1988ರಲ್ಲಿ ತೆಂಡೂಲ್ಕರ್ ಮತ್ತು ಕಾಂಬ್ಳಿ 664 ರನ್ನಿನ ಜೊತೆಯಾಟ ಆಡಿದ್ರಲ್ಲ ಹ್ಯಾರಿಸ್ ಶೀಲ್ಡ್, ಅದು ಇವನ ಹೆಸರಿಂದೇ. 1995ರಲ್ಲಿ ಆರನೇ ಬ್ಯಾರನ್ ತೀರಿಕೊಂಡಾಗ ಗಂಡು ಸಂತಾನವಿರಲಿಲ್ಲ. ಬಿರುದು ದೂರದ ದಾಯಾದಿಯ ಪಾಲಾಯಿತು. ನಮ್ಮ ನಾಡು ಸ್ವತಂತ್ರವಾಗಿ 48 ವರ್ಷ ಆದಮೇಲೂ ಒಬ್ಬ ಇಂಗ್ಲಿಷ್ ಮನುಷ್ಯ ಹೊಸದಾಗಿ 'ಶ್ರೀರಂಗಪಟ್ಟಣ ಮತ್ತು ಮೈಸೂರಿನ' ಲಾರ್ಡ್ ಆದ. ಮೊದಲ ಹ್ಯಾರಿಸ್ ಕೋಟೆ ಗೆದ್ದದ್ದು ಅವನ ಸಾಧನೆ ಅಂತಲೇ ಇಟ್ಟುಕೊಳ್ಳೋಣ. ಈ ದಾಯಾದಿ ಯಾವ ಕೋಟೆ ಹತ್ತಿದ್ದ? ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ ಅನ್ನೋ ಹಾಗಾಯ್ತು ಇದು. ಇಲ್ಲಿ ಅಜ್ಜನೂ ಬೇಡ, ಅಜ್ಜನ ಅಣ್ಣತಮ್ಮಂದಿರ ಸಾಲಿನಲ್ಲಿ ಯಾರಾದರೂ ತಿಂದಿದ್ದರೆ ಸಾಕು.

ಬಿರುದು ಕೊಡುವಾಗ ರಾಜ ಒಂದು ಪತ್ರ ಬರೆಸುತ್ತಾನೆ. ಮುಂದೆ ಅದು ಯಾರಿಗೆ ಹೋಗಬೇಕು ಅನ್ನೋದು ಅದರಲ್ಲೇ ಇರುತ್ತೆ. ಬಹುಪಾಲು ಪತ್ರಗಳಲ್ಲಿ ಇರೋದು ಒಂದೇ ಷರತ್ತು. ಪಡೆದವನ ದೇಹದಿಂದ, ಕಾನೂನುಬದ್ಧ ಮದುವೆಯಲ್ಲಿ ಹುಟ್ಟಿದ ಗಂಡುಸಾಲಿಗೆ ಮಾತ್ರ. ಮಗಳು ಲೆಕ್ಕಕ್ಕಿಲ್ಲ. ಮಗಳ ಮಗನೂ ಇಲ್ಲ. ದತ್ತುಮಗನಂತೂ ಇಲ್ಲವೇ ಇಲ್ಲ. ಹಾಗಾಗಿ ಇದು ಬಿರುದು ಯಾರಿಗೆ ಸಿಗುತ್ತೆ ಅಂತ ಹೇಳೋ ನಿಯಮ ಅಂತ ನನಗೆ ಅನ್ನಿಸಲ್ಲ. ಯಾರ್ಯಾರು ಮಕ್ಕಳೇ ಅಲ್ಲ ಅಂತ ತಲೆಮಾರಿಗೊಮ್ಮೆ ಪಟ್ಟಿ ಮಾಡೋ ನಿಯಮ ಇದು.

ಈ ನಿಯಮ ತನ್ನ ದೊಡ್ಡ ಮನುಷ್ಯರನ್ನೂ ಬಿಡಲಿಲ್ಲ. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದು, ಮರುವರ್ಷ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳಾಗಿ ಇರಿಸಿಕೊಂಡ ಕಾರ್ನ್‌ವಾಲಿಸ್‌ಗೆ ಮಾರ್ಕ್ವಿಸ್ ಪದವಿ ಸಿಕ್ಕಿತು. ಅವನ ಮಗನಿಗೆ ಹುಟ್ಟಿದ್ದು ಐವರು ಹೆಣ್ಣುಮಕ್ಕಳು. 1823ರಲ್ಲಿ ಆ ಮಗ ಸತ್ತ ದಿನವೇ ಮಾರ್ಕ್ವಿಸ್ ಪದವಿಯೂ ಸತ್ತಿತು. ಐದು ಜನ ಮಕ್ಕಳು ತಂದೆಯ ಶವದ ಪಕ್ಕ ನಿಂತಿರುವಾಗ, ಕಾನೂನಿನ ಕಣ್ಣಿಗೆ ಆತ ಸಂತಾನವಿಲ್ಲದವನು!

ಡಾಲ್‌ಹೌಸಿಯದು ಇನ್ನೂ ಸೊಗಸು. 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಅಂತ ಸ್ಕೂಲಿನಲ್ಲಿ ಉರು ಹೊಡೆದಿದ್ದೀವಲ್ಲ, ಆ ಮನುಷ್ಯ. ಸತಾರಾ, ಝಾನ್ಸಿ, ನಾಗಪುರಗಳನ್ನು ನಿಮಗೆ ವಾರಸುದಾರರಿಲ್ಲ ಅಂತ ನುಂಗಿದವನು. ಅವನಿಗೆ 1849ರಲ್ಲಿ ಸಿಕ್ಕ ಮಾರ್ಕ್ವಿಸ್ ಬಿರುದಿನಲ್ಲಿ ಪಂಜಾಬಿನ ಹೆಸರೂ ಇತ್ತು. ಅವನಿಗಿದ್ದದ್ದು ಇಬ್ಬರು ಹೆಣ್ಣುಮಕ್ಕಳು. 1860ರಲ್ಲಿ ಅವನು ಸತ್ತಾಗ, ನಮ್ಮ ರಾಜಮನೆತನಗಳಿಗೆ ಅವನು ಹೇಳಿದ್ದನ್ನೇ ಅವನ ದೇಶ ಅವನಿಗೆ ಹೇಳಿತು. ವಾರಸುದಾರರಿಲ್ಲ, ಪದವಿ ಮುಗಿಯಿತು. ಓದಿ ನಕ್ಕೆ, ಸುಳ್ಳು ಹೇಳಲ್ಲ. ಆಮೇಲೆ ಆ ಇಬ್ಬರು ಹೆಣ್ಣುಮಕ್ಕಳ ನೆನಪಾಗಿ ನಗು ನಿಂತಿತು.

ಭಾರತೀಯನೊಬ್ಬನಿಗೆ ಈ ಬಿರುದು ಸಿಕ್ಕಿದಾಗ ಏನಾಯಿತು ಅಂತಲೂ ಕೇಳಿ. 1919ರಲ್ಲಿ ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿನ್ಹಾ 'ರಾಯಪುರದ ಬ್ಯಾರನ್' ಆದರು. 1928ರಲ್ಲಿ ತೀರಿಕೊಂಡರು. ಮಗ ತನ್ನ ಹಕ್ಕು ಕೇಳಿದರೆ ಲಂಡನ್ನಿನಲ್ಲಿ ತಕರಾರು. ಹಿಂದೂ ಪದ್ಧತಿಯ ಮದುವೆಯಲ್ಲಿ ಗಂಡಸು ಇನ್ನೊಂದು ಹೆಂಡತಿ ಕಟ್ಟಿಕೊಳ್ಳಬಹುದಿತ್ತಲ್ಲ, ಅಂಥ ಮದುವೆಯಲ್ಲಿ ಹುಟ್ಟಿದ ಮಗ ಕಾನೂನುಬದ್ಧ ಸಂತಾನ ಹೌದೋ ಅಲ್ಲವೋ? ಸಿನ್ಹಾ ದಂಪತಿ ಏಕಪತ್ನಿತ್ವದ ಬ್ರಹ್ಮಸಮಾಜಕ್ಕೆ ಸೇರಿದವರು ಅಂತ ನೋಡಿ, 1939ರಲ್ಲಿ ಹಕ್ಕು ಒಪ್ಪಿದರು. ಬಿರುದು ಕೊಡುವಾಗ ಅಪ್ಪನ ಮದುವೆ ಯಾರಿಗೂ ನೆನಪಾಗಲಿಲ್ಲ, ಮಗ ಬಂದು ನಿಂತಾಗ ನೆನಪಾಯಿತು.

"ಹೋಗ್ಲಿ ಬಿಡ್ರೀ, ಬರೀ ಹೆಸರು ತಾನೇ, ಯಾರಿಗೇನು ತೊಂದರೆ" ಅನ್ನೋರಿದ್ದಾರೆ. ಬರೀ ಹೆಸರಲ್ಲ ಸ್ವಾಮಿ. ಆ ಹೆಸರಿನ ಜೊತೆ ಪಾರ್ಲಿಮೆಂಟಿನ ಕುರ್ಚಿ ಬರ್ತಿತ್ತು. 1999ರ ಕಾನೂನು ಆರುನೂರಕ್ಕೂ ಹೆಚ್ಚು ಮಂದಿಯನ್ನು ಲಾರ್ಡ್ಸ್ ಸಭೆಯಿಂದ ಎಬ್ಬಿಸಿತು. ಆದರೂ 92 ಕುರ್ಚಿ ಉಳಿಸಿತು. ಅವರಲ್ಲೊಬ್ಬರು ಸತ್ತರೆ ಉಪಚುನಾವಣೆ ಅಂತ ಮಾಡಿದರು. 2016ರಲ್ಲಿ ಅಂಥ ಒಂದು ಚುನಾವಣೆಗೆ ಅಭ್ಯರ್ಥಿಗಳು ಏಳು ಜನ, ಮತದಾರರು ಮೂರೇ ಜನ. ಗೆದ್ದವನಿಗೆ ಮೂರಕ್ಕೆ ಮೂರೂ ಮತ. ನಮ್ಮ ಅಪಾರ್ಟ್‌ಮೆಂಟ್ ಸಂಘದ ಚುನಾವಣೆಯಲ್ಲೂ ಇದಕ್ಕಿಂತ ಹೆಚ್ಚು ಜನ ಕೈ ಎತ್ತುತ್ತಾರೆ.

ಬೇಡ ಅಂದರೂ ಬಿಡದ ಆಸ್ತಿ ಇದು. ಟೋನಿ ಬೆನ್ ಜನ ಆರಿಸಿದ ಸಂಸದ. 1960ರಲ್ಲಿ ಅಪ್ಪ ಸತ್ತರು, ಮಗ ಕೇಳದೆಯೇ ವೈಕೌಂಟ್ ಆದ. ವೈಕೌಂಟ್ ಕಾಮನ್ಸ್ ಸಭೆಯಲ್ಲಿ ಕೂರೋ ಹಾಗಿಲ್ಲ, ಸ್ಥಾನ ಹೋಯಿತು. ಉಪಚುನಾವಣೆಯಲ್ಲಿ ಮತ್ತೆ ನಿಂತು ಗೆದ್ದ. ನ್ಯಾಯಾಲಯ ಸೋತವನನ್ನೇ ಸಂಸದ ಅಂತ ಘೋಷಿಸಿತು. ಹೋರಾಡಿ, 1963ರಲ್ಲಿ ಕಾನೂನೇ ಬದಲಾಗುವಂತೆ ಮಾಡಿ, ಅದು ಜಾರಿಗೆ ಬಂದ ದಿನವೇ ಬಿರುದು ಬಿಸಾಕಿದ. ಆದರೆ ಬಿಸಾಕಿದ್ದು ಅವನ ಜೀವಮಾನಕ್ಕೆ ಮಾತ್ರ. 2014ರಲ್ಲಿ ಅವನು ತೀರಿಕೊಂಡಾಗ ಬಿರುದು ಹಿರಿಯ ಮಗನ ಬಾಗಿಲಿಗೆ ಬಂದು ನಿಂತಿತು. ಮಗ ಒಳಗೆ ಕರೆದ. 2021ರಲ್ಲಿ, ಎದುರಾಳಿಯೇ ಇಲ್ಲದ ಚುನಾವಣೆಯಲ್ಲಿ, ಲಾರ್ಡ್ಸ್ ಸಭೆಗೂ ಹೋದ.

2013ರಲ್ಲಿ ಸಿಂಹಾಸನಕ್ಕೆ ಮಾತ್ರ ನಿಯಮ ಬದಲಾಯಿಸಿದರು. ಈಗ ಪುಟ್ಟ ರಾಜಕುಮಾರಿ ಷಾರ್ಲೆಟ್ ತನ್ನ ತಮ್ಮನಿಗಿಂತ ಮುಂದಿದ್ದಾಳೆ. ಬ್ಯಾರನ್, ಅರ್ಲ್, ಡ್ಯೂಕ್ ಮನೆಗಳ ಹೆಣ್ಣುಮಕ್ಕಳಿಗೆ ಆ ಕಾನೂನು ಅನ್ವಯಿಸಲೇ ಇಲ್ಲ. ರಾಣಿ ದೇಶ ಆಳಬಹುದು, ಬ್ಯಾರನ್ನನ ಮಗಳು ಅಪ್ಪನ ಹೆಸರು ಹೊರಬಾರದು. ಹೆಣ್ಣಿಗೂ ಕೊಡಿ ಅಂತ ಕೆಲವರು ಕೇಳ್ತಿದ್ದಾರೆ. ನನಗೆ ಅದೂ ಅರ್ಧ ಮಾತು. ಗೆದ್ದವನ ಜೊತೆಗೇ ಬಿರುದೂ ಮಣ್ಣಾಗಬೇಕು. ಗೌರವ ಅನ್ನೋದು ಸಾಲದ ಹಾಗೆ ಮಕ್ಕಳ ತಲೆಗೆ ಕಟ್ಟೋ ವಸ್ತುವಲ್ಲ.

ಇಷ್ಟು ಕೋಪ ಯಾಕೆ ಅಂತ ಕೇಳ್ತೀರಾ? ಶ್ರೀರಂಗಪಟ್ಟಣದಿಂದ ಅರ್ಧ ಗಂಟೆ ದೂರದಲ್ಲಿ ನಮ್ಮೂರು. ಅಪ್ಪ ಹೋಗಿ ಎರಡು ವರ್ಷ ಆಯ್ತು. ನಾವಿಬ್ಬರೂ ಹೆಣ್ಣುಮಕ್ಕಳು. ಕರ್ನಾಟಕ 1994ರಲ್ಲೇ ಮಗಳೂ ಮಗನಷ್ಟೇ ಹಕ್ಕುದಾರಳು ಅಂತ ಕಾನೂನು ಮಾಡಿತು, ದೇಶಕ್ಕೆ ಅದು 2005ರಲ್ಲಿ ಬಂತು. ಈ ವಿಷಯದಲ್ಲಿ ನಾವು ಲಾರ್ಡುಗಳಿಗಿಂತ ಎಷ್ಟೋ ಮುಂದಿದ್ದೀವಿ, ಕಾಗದದ ಮೇಲೆ. ಹೋದ ತಿಂಗಳು ಚಿಕ್ಕಪ್ಪ ಫೋನ್ ಮಾಡಿದ್ದರು. "ಒಂದಿನ ರಜಾ ಹಾಕಿ ಬಾಮ್ಮ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಬಿಡುಗಡೆ ಪತ್ರಕ್ಕೆ ನೀವಿಬ್ರೂ ಒಂದು ಸೈನ್ ಹಾಕ್ಬಿಡಿ. ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡ್ತೀನಿ. ಮನೆತನದ ಹೆಸರು ಉಳೀಬೇಕಲ್ಲಮ್ಮ."

ಚಿಕ್ಕಪ್ಪ ಕೆಟ್ಟವರಲ್ಲ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದವರು. ಅದಕ್ಕೇ "ಆಯ್ತು, ನೋಡ್ತೀನಿ ಚಿಕ್ಕಪ್ಪ" ಅಂತ ಫೋನ್ ಇಟ್ಟೆ. ಊಟದ ಮೇಜಲ್ಲಿ ಅದೇ ಮಾತು, ಅದೇ ಧಾಟಿಯಲ್ಲಿ ಮತ್ತೆ ಕೇಳಿಸಿದಾಗ ಮೊಸರನ್ನ ಗಂಟಲಲ್ಲಿ ಇಳಿಯಲಿಲ್ಲ. ಕಾರ್ನ್‌ವಾಲಿಸ್ ಮನೆಯ ಐವರಿಗೆ ಇಲ್ಲ ಅನ್ನೋಕೆ ಕಾನೂನು ಬೇಕಾಯ್ತು. ನಮಗೆ ಪ್ರೀತಿಯ ಒಂದು ಫೋನ್ ಸಾಕು.

ಈ ಶನಿವಾರ ಊರಿಗೆ ಹೋಗ್ತಿದ್ದೀನಿ, ತಂಗೀನೂ ಬರ್ತಾಳೆ. ಸೈನ್ ಹಾಕಲ್ಲ ಅನ್ನೋದನ್ನು ಚಿಕ್ಕಪ್ಪನ ಎದುರಿಗೇ ಕೂತು ಹೇಳಬೇಕು.