‘ವೀರಪತ್ನಿ’ ಎಂಬ ಬಿರುದು ಯಾರಿಗೆ ಬೇಕು?

ಸೈನಿಕನನ್ನು ಗೌರವಿಸುವುದು ಹೇಗೆಂದು ಕನ್ನಡಿಗರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹಾಳುಗುಡಿಯ ಹಿಂದೆ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ಬೇಗೂರಿನಲ್ಲಿ ‘ಬೆಂಗಳೂರು ಕಾಳಗ’ದ ಹೆಸರು ಹೇಳುವ, ಸುಮಾರು 900ರ ಹೊತ್ತಿನ ಶಾಸನವಿರುವುದು ಕಾಳಗದಲ್ಲಿ ಮಡಿದವನ ನೆನಪಿಗಾಗಿಯೇ. ಆತಕೂರಿನ ಕಲ್ಲನ್ನು ಎಂ.ಎ. ತರಗತಿಯಲ್ಲಿ ಓದದವರು ಕಡಮೆ. 949-50ರ ಆ ಕಲ್ಲು ಮಣಲೇರನ ನಾಯಿ ಕಾಳಿಯದು. ಕಾಡುಹಂದಿಯೊಡನೆ ಸೆಣಸಿ ಸತ್ತ ಆ ನಾಯಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ನನಗೆ ಕಾಳಿಯ ಮೇಲೆ ಯಾವ ಅಸೂಯೆಯೂ ಇಲ್ಲ. ಅದರ ಕಲ್ಲು ಅದು ದುಡಿದು ಗಳಿಸಿದ್ದು.

ಹಾಗಾದರೆ ಸೈನಿಕನ ಹೆಂಡತಿಗೆ ಕಲ್ಲು ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇತ್ತು. ಅದನ್ನು ಮಾಸ್ತಿಕಲ್ಲು ಎನ್ನುತ್ತೇವೆ. ಕಂಬವೊಂದರಿಂದ ಹೊರಟು, ಮೊಣಕೈ ಮಡಿಸಿ ಮೇಲಕ್ಕೆತ್ತಿದ ಬಲಗೈ, ಕೈತುಂಬ ಬಳೆ. ಅದನ್ನು ಪಡೆಯಲು ಇದ್ದುದು ಒಂದೇ ಷರತ್ತು: ಆಕೆ ಉರಿಯಬೇಕು. 1057ರ ಬೆಳತೂರು ಶಾಸನದ ದೇಕಬ್ಬೆ ಗಂಡ ಸತ್ತನೆಂದು ಅಗ್ನಿಪ್ರವೇಶ ಮಾಡಿದಳು. ಅವಳ ಹೆಸರು ಉಳಿಯಿತು. ಗಂಡ ದಂಡಿಗೆ ಹೋಗಿದ್ದಾಗ ಹೊಲ ಉತ್ತು, ತೆರಿಗೆ ಕಟ್ಟಿ, ಮಕ್ಕಳ ಜ್ವರಕ್ಕೆ ಕಷಾಯ ಕಾಸಿ, ಕೊನೆಗೆ ಮುದುಕಿಯಾಗಿ ಹಾಸಿಗೆಯಲ್ಲಿ ಸತ್ತವಳಿಗೆ ನೆಟ್ಟ ಕಲ್ಲನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಮಾಸ್ತಿಕಲ್ಲು ನೆಡುವುದನ್ನು ನಾವು ಬಿಟ್ಟು ಬಹಳ ಕಾಲವಾಯಿತು. ಅದರ ಹಿಂದಿನ ಮನೋಧರ್ಮವನ್ನು ಮಾತ್ರ ಬಿಟ್ಟಿಲ್ಲ ಎಂಬುದೇ ನನ್ನ ತಕರಾರು. ಸಿಪಾಯಿಯ ಹೆಂಡತಿ ಇಂದಿಗೂ ನಮ್ಮ ಕಣ್ಣಿಗೆ ಬೀಳುವುದು ಅವಳು ವಿಧವೆಯಾದ ದಿನ. ಅದಕ್ಕೆ ಮೊದಲು ಅವಳು ಸರತಿಯಲ್ಲಿ ನಿಂತ ಇನ್ನೊಬ್ಬ ಹೆಂಗಸು, ಅಷ್ಟೆ.

ಇಷ್ಟು ಮಾತಾಡಲು ನನಗೇನು ಅಧಿಕಾರವೆಂದು ಕೇಳುವವರಿಗೆ ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ನಮ್ಮವರು ಮದರಾಸ್ ಸ್ಯಾಪರ್ಸ್‌ನಲ್ಲಿ ಸುಬೇದಾರರು. ಮದುವೆಯಾದ ಹೊಸತರಲ್ಲಿ ಅವರಿಗೆ ಜೋಧಪುರವಾಯಿತು. ಸಂಸಾರ ಹೂಡಲು ಅವಕಾಶವಿದ್ದ ಊರು. ಹೋದೆ. ಕನ್ನಡ ಎಂ.ಎ. ಪದವೀಧರೆಗೆ ಜೋಧಪುರದಲ್ಲಿ ಏನು ಕೆಲಸ? ಲೆಕ್ಕದ ಮೇಷ್ಟರಾಗಿದ್ದರೆ, ದಾದಿಯಾಗಿದ್ದರೆ ಎಲ್ಲಾದರೂ ಬದುಕಿಕೊಳ್ಳಬಹುದಿತ್ತು. ಎರಡು ವರ್ಷ ಪಂಪನನ್ನು ಟ್ರಂಕಿನಲ್ಲಿಟ್ಟುಕೊಂಡು ಕುಳಿತೆ. ಆಮೇಲೆ ಅವರಿಗೆ ‘ಫೀಲ್ಡ್’ ಬಂದಿತು. ಅಲ್ಲಿಗೆ ಹೆಂಡತಿಯರನ್ನು ಬಿಡುವುದಿಲ್ಲ. ನಾನು ಮೈಸೂರಿಗೆ ಹಿಂದಿರುಗಿ, ತಾತ್ಕಾಲಿಕ ಹುದ್ದೆಯಿಂದ ಮೊದಲುಮಾಡಿ ನನ್ನ ಕಾಲಮೇಲೆ ನಿಂತೆ. ಅಂದಿನಿಂದ ನಮ್ಮದು ರಜೆಯ ಸಂಸಾರ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಅದೂ ಮಂಜೂರಾದರೆ, ಮಂಜೂರಾದಾಗ.

ಇದನ್ನು ದುಃಖದ ಕಥೆಯೆಂದು ನಾನು ಹೇಳುತ್ತಿಲ್ಲ. ಅಗಲಿಕೆಯನ್ನು ಹೇಗೋ ನುಂಗಿಕೊಳ್ಳಬಹುದು. ನಮ್ಮ ಕಾವ್ಯಗಳಲ್ಲಿ ಅದಕ್ಕೆ ಬೇಕಾದಷ್ಟು ಮಾತುಗಳೂ ಇವೆ. ನುಂಗಲಾಗದ್ದು ಗುಮಾಸ್ತರ ಕಿಟಕಿ.

ಮಗಳನ್ನು ಶಾಲೆಗೆ ಸೇರಿಸಲು ಹೋದಾಗ ಅರ್ಜಿಯಲ್ಲಿ ‘ತಂದೆಯ ವಿಳಾಸ’ ಎಂಬ ಕಡೆ 56 ಎ.ಪಿ.ಓ. ಎಂದು ಬರೆದೆ. ಸೈನ್ಯದ ಅಂಚೆಯ ವಿಳಾಸ ಅಷ್ಟೇ ಇರುತ್ತದೆ. ಊರು, ಬೀದಿ ಇರುವುದಿಲ್ಲ, ಇರಲೂ ಬಾರದು. ಗುಮಾಸ್ತರು ಅದನ್ನು ಎರಡು ಸಲ ಓದಿ, “ಇದು ಯಾವ ಜಿಲ್ಲೆ, ಮೇಡಂ?” ಎಂದರು. ಗೊತ್ತಿಲ್ಲವೆಂದೆ. ಗಂಡ ಯಾವ ಜಿಲ್ಲೆಯಲ್ಲಿದ್ದಾನೆಂದು ಅರಿಯದ ಹೆಂಗಸನ್ನು ಅವರು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಅರ್ಜಿ ಅಪೂರ್ಣವೆಂದು ವಾಪಸಾಯಿತು.

ಈಗ ಕಾಗದಪತ್ರದ ಕಾಲ ಹೋಗಿ ಮೊಬೈಲಿನ ಕಾಲ ಬಂದಿದೆ, ಎಲ್ಲವೂ ಸುಲಭವಾಗಿದೆ ಎನ್ನುತ್ತಾರೆ. ಸುಲಭವಾಗಿರುವುದು ಗಂಡ ಪಕ್ಕದ ಕೋಣೆಯಲ್ಲಿ ಇರುವವರಿಗೆ. ಮನೆ ಯಜಮಾನರ ಹೆಸರಿನಲ್ಲಿ, ಗ್ಯಾಸ್ ಅವರ ಹೆಸರಿನಲ್ಲಿ, ಬ್ಯಾಂಕಿನ ಖಾತೆ ಅವರ ಹೆಸರಿನಲ್ಲಿ. ಎಲ್ಲದಕ್ಕೂ ಒಂದು ಓ.ಟಿ.ಪಿ. ಬರುತ್ತದೆ, ಅದು ಅವರ ಫೋನಿಗೇ ಹೋಗುತ್ತದೆ. ಆ ಫೋನು ಹಿಮದ ನಡುವೆ, ಸಿಗ್ನಲ್ಲಿಲ್ಲದ ಯಾವುದೋ ಬಂಕರಿನಲ್ಲಿ, ಟ್ರಂಕಿನ ತಳದಲ್ಲಿ ಮಲಗಿರುತ್ತದೆ. ಹತ್ತು ನಿಮಿಷದಲ್ಲಿ ಸಂಖ್ಯೆ ಸಾಯುತ್ತದೆ. ಕಳೆದ ವರ್ಷ ಮನೆಯ ಖಾತೆಯ ಕೆಲಸಕ್ಕೆಂದು ಒಂದು ಕಚೇರಿಗೆ ಆರು ಸಲ ಅಲೆದೆ. ಪ್ರತಿ ಸಲವೂ ಒಂದೇ ಮಾತು: “ಯಜಮಾನರನ್ನೇ ಕರೆದುಕೊಂಡು ಬಂದುಬಿಡಿ, ಮೇಡಂ, ಐದು ನಿಮಿಷದ ಕೆಲಸ.” ಹೇಳಿದವರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು, ನೀರು ಕೊಟ್ಟರು. ಅವರ ಮೇಜಿನ ಹಿಂದಿನ ಗೋಡೆಯ ಮೇಲೆ ಸೈನಿಕನ ಚಿತ್ರವಿದ್ದ ಕ್ಯಾಲೆಂಡರೂ ಇತ್ತು.

ಬಾಡಿಗೆ ಮನೆ ಹುಡುಕಿದಾಗಲೂ ಹೀಗೆಯೇ ಆಯಿತು. ಸ್ವಂತ ಮನೆ ಆಗುವ ಮೊದಲು ಐದು ಮನೆಗಳಲ್ಲಿದ್ದೆ, ಹದಿನೈದು ಕಡೆ ಕೇಳಿದ್ದೆ. ಮಿಲಿಟರಿಯವರೆಂದರೆ ತುಂಬ ಗೌರವ ಎನ್ನುತ್ತಿದ್ದ ಮನೆಯೊಡೆಯರು, ಗಂಡಸರು ಯಾವಾಗ ಬರುತ್ತಾರೆಂದು ಕೇಳಿ, ಉತ್ತರ ತಿಳಿದ ಮೇಲೆ ಮನೆಯನ್ನು ತಮ್ಮ ತಂಗಿಯ ಮಗನಿಗೆ ಆಗಲೇ ಮಾತು ಕೊಟ್ಟಿರುವುದಾಗಿ ನೆನಪು ಮಾಡಿಕೊಳ್ಳುತ್ತಿದ್ದರು. ಮೈಸೂರಿನ ಮನೆಯೊಡೆಯರಿಗೆಲ್ಲ ಅಷ್ಟೊಂದು ತಂಗಿಯರ ಮಕ್ಕಳಿದ್ದಾರೆಂಬುದು ನನಗೆ ತಿಳಿದಿರಲಿಲ್ಲ.

ನಮ್ಮವರ ಸೇವೆಯನ್ನು ತಪ್ಪದೆ ನೆನೆಯುವ ಒಂದು ವರ್ಗವಿದೆ. ಅದನ್ನು ಮರೆತರೆ ಅನ್ಯಾಯವಾದೀತು. ಅವರು ಕ್ಯಾಂಟೀನಿನ ಬಾಟಲಿಯ ಭಕ್ತರು. ಸುಬೇದಾರರು ರಜೆಗೆ ಬಂದರೆಂದು ತಿಳಿದೊಡನೆ, ವರ್ಷವೆಲ್ಲ ನಮ್ಮ ಗೇಟಿನ ಕಡೆಗೆ ತಲೆಯೆತ್ತದವರು ಸಂಜೆಯ ಹೊತ್ತಿಗೆ ಕ್ಷೇಮಸಮಾಚಾರ ವಿಚಾರಿಸಲು ಬರುತ್ತಾರೆ. ಗಡಿಯ ಚಳಿಯ ಬಗ್ಗೆ ಎರಡು ಮಾತು, ದೇಶಭಕ್ತಿಯ ಬಗ್ಗೆ ನಾಲ್ಕು, ಆಮೇಲೆ ದನಿ ತಗ್ಗಿಸಿ ರಮ್ಮಿನ ವಿಚಾರ. ಸೈನಿಕನ ಪಾಲಿನದನ್ನು ಹೊರಗಿನವರಿಗೆ ಕೊಡುವುದು ನಿಯಮಕ್ಕೆ ವಿರುದ್ಧವೆಂದು ಹೇಳಿದರೆ ನಾವು ಗರ್ವಿಷ್ಠರು. ದೇಶಕ್ಕಾಗಿ ಪ್ರಾಣ ಕೊಡುವವನು ಒಂದು ಬಾಟಲಿ ಕೊಡಲಾರನೆ, ಎಂದು ಒಬ್ಬರು ನನ್ನೆದುರಿಗೇ ಅಂದರು. ತರ್ಕಶಾಸ್ತ್ರದ ಅಧ್ಯಾಪಕರು ಅವರು.

ಜನವರಿ 15ರಂದು ಸೇನಾದಿನ. 1949ರಲ್ಲಿ ಅದೇ ದಿನ ನಮ್ಮ ಕೊಡಗಿನ ಕಾರಿಯಪ್ಪನವರು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದರು. ಈ ವರ್ಷದ ಸೇನಾದಿನಕ್ಕೆ ನಮ್ಮ ಬಡಾವಣೆಯ ಸಂಘವೊಂದು ನನ್ನನ್ನು ‘ವೀರಪತ್ನಿ’ಯೆಂದು ಕರೆದು ಶಾಲು ಹೊದಿಸಲು ನಿಶ್ಚಯಿಸಿತು. ಬರಲಾರೆನೆಂದು ಪತ್ರ ಬರೆದೆ. ಅದಕ್ಕೆ ಬಂದ ಟೀಕೆಯೇ ಈ ಲೇಖನಕ್ಕೆ ಕಾರಣ. ಟೀಕಾಕಾರರದು ಮುಖ್ಯವಾಗಿ ಎರಡು ಮಾತು.

ಒಂದನೆಯದು: ಸೈನ್ಯ ಸೇರಿದ್ದು ಅವರ ಇಚ್ಛೆ, ಸಂಬಳ ಬರುತ್ತದೆ, ಮದುವೆಯಾಗುವಾಗ ನಿಮಗೆ ಗೊತ್ತಿತ್ತಲ್ಲ? ಗೊತ್ತಿತ್ತು. ಸಂಬಳವೂ ಬರುತ್ತದೆ. ಹಾಗಾದರೆ ನಮ್ಮದು ಇಷ್ಟಪಟ್ಟು ಹಿಡಿದ ಒಂದು ವೃತ್ತಿ ಎನ್ನಿ, ನಾನು ಒಪ್ಪುತ್ತೇನೆ. ಆಗ ಶಾಲು ಯಾಕೆ? ಶಾಲು ಹೊದಿಸುವಾಗ ಅದು ತ್ಯಾಗ, ಕಚೇರಿಯ ಕಿಟಕಿಯಲ್ಲಿ ಅದು ಸ್ವಂತ ಇಚ್ಛೆ. ಒಂದೇ ನಾಲಗೆ ಇವೆರಡನ್ನೂ ಹೇಳಬಾರದು.

ಎರಡನೆಯ ಮಾತಿಗೆ ಹೆಚ್ಚು ತೂಕವಿದೆ. ಲಾರಿ ಓಡಿಸುವವನ ಹೆಂಡತಿ, ಕೊಲ್ಲಿ ದೇಶಕ್ಕೆ ಕೂಲಿಗೆ ಹೋದ ಕರಾವಳಿಯವನ ಹೆಂಡತಿ ಇದೇ ಕಷ್ಟಪಡುವುದಿಲ್ಲವೆ, ನಿಮಗೇನು ವಿಶೇಷ, ಎಂದು ಹಿರಿಯರೊಬ್ಬರು ಕೇಳಿದರು. ಪಡುತ್ತಾರೆ. ಅವರಿಗೆ ಕ್ಯಾಂಟೀನೂ ಇಲ್ಲ, ಮಿಲಿಟರಿ ಆಸ್ಪತ್ರೆಯೂ ಇಲ್ಲ, ಪಿಂಚಣಿಯೂ ಇಲ್ಲ. ಗಂಡ ದೂರವಿರುವ ಯಾವ ಹೆಂಗಸಿನ ಸಹಿಗಾದರೂ ಬೆಲೆ ಬರುವ ವ್ಯವಸ್ಥೆಯಾದರೆ ಮೊದಲು ಸಂತೋಷಪಡುವವಳು ನಾನು. ನನಗೆ ವಿಶೇಷ ಬೇಡ. ವಿಶೇಷವನ್ನು ತಂದು ನನ್ನ ಹೆಗಲಿಗೆ ಹೊದಿಸಿದವರು ಸಂಘದವರು.

ಈ ಕಿಟಕಿಯ ವ್ಯವಹಾರಕ್ಕೂ ಗಡಿಯಲ್ಲಿರುವವನಿಗೂ ಏನು ಸಂಬಂಧವೆಂದು ಕೇಳುವವರುಂಟು. ಇಡೀ ಸಂಬಂಧವೇ ಅದು. ಹಳ್ಳಿಯಿಂದ ಬಂದ ಸಿಪಾಯಿ ರಜೆಯಲ್ಲಿ ಏನು ಮಾಡುತ್ತಾನೆಂದು ಬಲ್ಲಿರಾ? ಪಹಣಿ ತಿದ್ದಿಸುತ್ತಾನೆ, ಸರ್ವೆಯವರಿಗೆ ಕಾಯುತ್ತಾನೆ, ಬದು ಒತ್ತಿದ ದಾಯಾದಿಯೊಡನೆ ಪಂಚಾಯಿತಿ ಮಾಡಿಸುತ್ತಾನೆ. ಕೆಲಸ ಅರ್ಧವಾಗಿರುವಾಗ ರೈಲು ಹತ್ತುತ್ತಾನೆ. ಉಳಿದರ್ಧವನ್ನು ತಲೆಯಲ್ಲಿ ಹೊತ್ತುಕೊಂಡೇ ಅವನು ರಾತ್ರಿಯ ಪಹರೆಗೆ ನಿಲ್ಲುವುದು. ಬ್ರಿಟಿಷರಿಗೆ ಇದು ತಿಳಿದಿತ್ತು. ಯುದ್ಧದ ಅಥವಾ ಅಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿದ್ದು ಹಾಜರಾಗಲಾರದ ಸಿಪಾಯಿಯ ವ್ಯಾಜ್ಯವನ್ನು ಕೋರ್ಟು ತಡೆಹಿಡಿಯಬೇಕೆಂದು ಅವರು 1925ರಲ್ಲಿಯೇ ಕಾಯಿದೆ ಮಾಡಿದರು. ನಮ್ಮ ಸಿಪಾಯಿಯ ಮೇಲಿನ ಪ್ರೀತಿಯಿಂದಲ್ಲ. ಊರ ಹೊಲದ ಚಿಂತೆ ಹತ್ತಿದವನ ಬಂದೂಕು ಅಲುಗಾಡುತ್ತದೆಂಬ ಲೆಕ್ಕಾಚಾರದಿಂದ. ಕೋರ್ಟಿಗೆ ಕಾಯಿದೆಯಿದೆ. ತಾಲ್ಲೂಕು ಕಚೇರಿಯ ಮೇಜಿಗೆ ಯಾವ ಕಾಯಿದೆ?

ಅಕ್ಷರ ತಿದ್ದಲು ನಮ್ಮಲ್ಲಿ ಎಷ್ಟು ಕಾಲ ಹಿಡಿಯುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 1950ರ ಜನಪ್ರಾತಿನಿಧ್ಯ ಕಾಯಿದೆಯಲ್ಲಿ, ಸೈನಿಕನ ಜೊತೆಯಲ್ಲಿ ವಾಸಿಸುವ ‘ಹೆಂಡತಿ’ಗೆ ಸೇವಾ ಮತದಾರಳಾಗುವ ಅವಕಾಶವಿತ್ತು. ಸೈನ್ಯದಲ್ಲಿರುವ ಹೆಂಗಸಿನ ಗಂಡನಿಗೆ ಇರಲಿಲ್ಲ. ‘ಹೆಂಡತಿ’ ಎಂಬುದನ್ನು ತೆಗೆದು ‘ಸಂಗಾತಿ’ ಎಂಬರ್ಥದ ಮಾತು ಹಾಕಿದ್ದು 2021ರಲ್ಲಿ. ಒಂದು ಶಬ್ದಕ್ಕೆ ಇಷ್ಟು ವರ್ಷವಾದರೆ, ಒಂದು ಅಭ್ಯಾಸಕ್ಕೆ ಎಷ್ಟು ಬೇಕೋ!

2016ರ ಫೆಬ್ರವರಿಯನ್ನು ಓದುಗರು ಮರೆತಿರಲಾರರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್‌ನಾಯಕ್ ಹನುಮಂತಪ್ಪ ಕೊಪ್ಪದರು ಸಿಯಾಚಿನ್ನಿನಲ್ಲಿ 19,000 ಅಡಿಗೂ ಮೇಲೆ ಹಿಮಪಾತಕ್ಕೆ ಸಿಕ್ಕಿ, ದಿನಗಟ್ಟಲೆ ಹಿಮದಡಿಯಲ್ಲಿದ್ದು ಜೀವಸಹಿತ ಸಿಕ್ಕಿದರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಡಿಗೆ ನಾಡೇ ಪ್ರಾರ್ಥಿಸಿತು, ಅತ್ತಿತು. ಆ ಕಣ್ಣೀರು ಸುಳ್ಳೆಂದು ನಾನು ಎಂದೂ ಹೇಳಲಾರೆ, ನಾನೂ ಅತ್ತೆ. ಅದೇ ವಾರ ಅದೇ ಹಿಮದಲ್ಲಿ ಪಹರೆ ನಿಂತು ಜೀವಂತವಾಗಿ ಕೆಳಗಿಳಿದವರೂ ಇದ್ದರು. ಅವರ ಹೆಂಡತಿಯರು ಅಂದು ಯಾವ ಕಿಟಕಿಯ ಮುಂದೆ ನಿಂತಿದ್ದರೋ. ಗಂಡ ಬದುಕಿರುವವರೆಗೆ ಅವರ ಸರತಿ ಮುಂದೆ ಸರಿಯುವುದಿಲ್ಲ ಎಂಬುದಾದರೆ, ನಮ್ಮ ಗೌರವಕ್ಕೆ ಇರುವ ಷರತ್ತು ಮಾಸ್ತಿಕಲ್ಲಿನ ಷರತ್ತಿಗಿಂತ ಎಷ್ಟು ಬೇರೆ?

ನಾನು ಕೇಳುವುದು ಅಗ್ಗದ ಸಂಗತಿಗಳನ್ನು. ಸಂಘದವರು ಶಾಲಿನ ದುಡ್ಡು ಉಳಿಸಿ, ಬಡಾವಣೆಯಲ್ಲಿ ಸಿಪಾಯಿಯ ಮನೆಯವರಿಗೆ ಬಾಡಿಗೆಗೆ ಮನೆ ಕೊಡುವವರ ಹೆಸರು ಬರೆದಿಡಲಿ. ಸೇವೆಯಲ್ಲಿರುವವನ ಘಟಕ ಕೊಟ್ಟ ಪ್ರಮಾಣಪತ್ರವಿದ್ದರೆ ಅವನ ಹೆಂಡತಿಯ ಸಹಿಯೇ ಸಾಕೆಂದು ಕಚೇರಿಗಳು ಒಂದು ಸುತ್ತೋಲೆ ಹೊರಡಿಸಲಿ. ಸೈನಿಕ ಕಲ್ಯಾಣ ಇಲಾಖೆ ಇದೆ. 1966ರಿಂದ ಸೇನಾ ಪತ್ನಿಯರ ಕಲ್ಯಾಣ ಸಂಘವೂ ಇದೆ. ದಂಡಿನ ಪ್ರದೇಶದೊಳಗೆ ಅದರ ಕೆಲಸವನ್ನು ಜೋಧಪುರದಲ್ಲಿ ಕಣ್ಣಾರೆ ಕಂಡಿದ್ದೇನೆ. ದಂಡಿನ ಗೇಟು ದಾಟಿ ಊರೊಳಗೆ ಒಂಟಿಯಾಗಿ ಸಂಸಾರ ಮಾಡುವವಳ ಬಳಿಗೆ ಅದು ಬರಬೇಕು. ಶಾಲೆಯ ಅರ್ಜಿಯಲ್ಲಿ ಜಿಲ್ಲೆಯಿಲ್ಲದ ವಿಳಾಸವೂ ವಿಳಾಸವೇ ಎಂದು ಒಪ್ಪಲು ಯಾವ ಬೊಕ್ಕಸಕ್ಕೂ ನಷ್ಟವಿಲ್ಲ.

ನಮ್ಮ ಕಾಲೇಜಿನ ಮೈದಾನದಲ್ಲಿ ಬೆಳಗ್ಗೆ ಐದಕ್ಕೆ ಹುಡುಗರು ಓಡುತ್ತಾರೆ. ಭರ್ತಿಗೆ ತಯಾರಿ. 2022ರಿಂದ ಬಂದಿರುವ ಅಗ್ನಿಪಥದಲ್ಲಿ ಸೇರುವವರು ನಾಲ್ಕು ವರ್ಷಕ್ಕೆ ಸೇರುತ್ತಾರೆ, ಸೇರುವಾಗ ಅವಿವಾಹಿತರಾಗಿರಬೇಕು. ಹೆಂಡತಿಯ ಪ್ರಶ್ನೆಯನ್ನು ಮುಂದೂಡುವ ಉಪಾಯ ಇದೆಂದು ನಾನು ಸ್ಟಾಫ್‌ರೂಮಿನಲ್ಲಿ ಹೇಳಿದಾಗ ಕೆಲವರು ನಕ್ಕರು.

ಮೊನ್ನೆ ಕೊನೆಯ ವರ್ಷದ ಹುಡುಗಿಯೊಬ್ಬಳು ತರಗತಿ ಮುಗಿದ ಮೇಲೆ ಬಂದು ನಿಂತಳು. ಮನೆಯಲ್ಲಿ ಮಿಲಿಟರಿಯ ವರನನ್ನು ನೋಡಿದ್ದಾರೆ, ತೋಪಖಾನೆಯಲ್ಲಿ ನಾಯಕ್. ಹುಡುಗ ತನಗೂ ಒಪ್ಪಿಗೆ. “ಏನು ತಿಳಿದುಕೊಂಡಿರಬೇಕು, ಮೇಡಂ?” ಎಂದಳು. ಮದುವೆಯಾದ ಕೂಡಲೆ ಅವನ ಘಟಕದಲ್ಲಿ ಪಾರ್ಟ್ ಟು ಆರ್ಡರಿನಲ್ಲಿ ನಿನ್ನ ಹೆಸರು ಸೇರಿಸಲು ಹೇಳು, ಅದಿಲ್ಲದೆ ಸೈನ್ಯದ ಲೆಕ್ಕದಲ್ಲಿ ನೀನು ಇಲ್ಲವೇ ಇಲ್ಲ ಎಂದೆ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಸು, ಗ್ಯಾಸನ್ನು ನಿನ್ನ ಹೆಸರಿನಲ್ಲೇ ತೆಗೆದುಕೊ, ಎಲ್ಲದಕ್ಕೂ ನಿನ್ನ ಮೊಬೈಲ್ ಸಂಖ್ಯೆ ಕೊಡು, ಅವನು ಹೊರಡುವ ಮೊದಲು ಪವರ್ ಆಫ್ ಅಟಾರ್ನಿ ಬರೆಸಿಕೊ. ಓದು ನಿಲ್ಲಿಸಬೇಡ. ಅವಳು ಎಲ್ಲವನ್ನೂ ಛಂದಸ್ಸಿನ ನೋಟ್ಸಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಮದುವೆ ವೈಶಾಖದಲ್ಲಂತೆ, ವರನಿಗೆ ರಜೆ ಮಂಜೂರಾದರೆ.