ಟೇಪು ಎತ್ತರ ಅಳೆಯುತ್ತೆ, ಆಟ ಅಳೆಯುತ್ತಾ?

ಹುಡುಗ ಉದ್ದ ಬೆಳೆದರೆ ಅವನಿಗೆ ಮಾತು ಹೇಳುವವರೂ ಜಾಸ್ತಿ. ಬಸ್ಸಿನಲ್ಲಿ ಕಂಡಕ್ಟರು ‘ತಲೆ ಜೋಪಾನ ಮರಿ’ ಅಂತಾನೆ. ಅಂಗಡಿ ಯಜಮಾನರು ‘ಅಟ್ಟದ ಮೇಲಿನ ಡಬ್ಬ ಸ್ವಲ್ಪ ಇಳಿಸಿಕೊಡಪ್ಪಾ’ ಅಂತಾರೆ. ಪಿ.ಟಿ. ಮೇಷ್ಟ್ರ ಕಣ್ಣಿಗೆ ಬಿದ್ದನೋ, ಮುಗಿಯಿತು: ‘ಇವನನ್ನು ಬ್ಯಾಸ್ಕೆಟ್‌ಬಾಲಿಗೆ ಹಾಕಿ!’

ಹಾಕಲಿ, ಬೇಡ ಅನ್ನೋರು ಯಾರು? ಬುಟ್ಟಿ ಇರುವುದೇ ನೆಲದಿಂದ 10 ಅಡಿ ಮೇಲೆ. ಎತ್ತರವನ್ನು ಯಾವ ಕೋಚೂ ಕಲಿಸಲಾರ. ಆದರೆ ಹುಡುಗನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದ ಕೂಡಲೇ ಆಯ್ಕೆ ಮುಗಿಯಿತು ಅಂದುಕೊಂಡರೆ ಎಡವಟ್ಟಾಗುವುದು ಅಲ್ಲೇ.

ಈ ಎಡವಟ್ಟು ನಮ್ಮೂರಿನದಷ್ಟೇ ಅಲ್ಲ ಸ್ವಾಮಿ. ಅಮೆರಿಕದ ಎನ್‌ಬಿಎ ಈ ಆಟದ ಅತಿ ದೊಡ್ಡ ಸಂತೆ. ಪ್ರತಿ ವರ್ಷ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸುತ್ತವೆ. ಕೋಟಿಗಟ್ಟಲೆ ದುಡ್ಡು, ಹತ್ತಾರು ಪರಿಣಿತರು. ಅಂಥವರೇ 2009ರಲ್ಲಿ ಟಾಂಜಾನಿಯಾದ 7 ಅಡಿ 3 ಇಂಚಿನ ಹಶೀಮ್ ತಬೀತ್‌ನನ್ನು ಎರಡನೆಯವನಾಗಿ ಆರಿಸಿದರು. ಐದೇ ವರ್ಷಕ್ಕೆ ಅವನ ಎನ್‌ಬಿಎ ಆಟ ಮುಗಿಯಿತು. ಅದೇ ವರ್ಷ ಏಳನೆಯವನಾಗಿ ಹೋದ ಸ್ಟೀಫನ್ ಕರಿ ಆಟದ ರೀತಿಯನ್ನೇ ಬದಲಿಸಿಬಿಟ್ಟ.

ಇನ್ನು ಸರ್ಬಿಯಾದ ನಿಕೋಲಾ ಯೋಕಿಚ್. ಇವನೂ ಆಳೆತ್ತರ ಮೀರಿದವನೇ. ಆದರೆ ಮೈ ದಪ್ಪ, ಹಾರಲಾರ, ನಿಧಾನ. 2014ರಲ್ಲಿ 40 ಜನರನ್ನು ಆರಿಸಿದ ಮೇಲೆ 41ನೆಯವನಾಗಿ ಇವನ ಹೆಸರು ಬಂತು. ಮುಂದೆ 2021, 2022, 2024 ಹೀಗೆ ಮೂರು ಸಲ ಅತ್ಯುತ್ತಮ ಆಟಗಾರನಾದ. 2023ರಲ್ಲಿ ಡೆನ್ವರ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟ. ಅವನಲ್ಲಿದ್ದದ್ದು ಮೃದುವಾದ ಕೈ, ಎಲ್ಲರಿಗಿಂತ ಮೊದಲೇ ಜಾಗ ಕಾಣುವ ಕಣ್ಣು. ಟೇಪಿನಲ್ಲಿ ಅದು ಸಿಗುತ್ತದೆಯೇ?

ಕಾಲಿನ ಮಾತೂ ಅಷ್ಟೇ. ನೈಜೀರಿಯಾದ ಹಕೀಮ್ ಒಲಾಜುವಾನ್ ಹುಡುಗನಾಗಿದ್ದಾಗ ಆಡುತ್ತಿದ್ದದ್ದು ಫುಟ್‌ಬಾಲ್, ಹ್ಯಾಂಡ್‌ಬಾಲ್. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ತಡವಾಗಿ. ಆದರೆ ಆ ಮೈದಾನದಲ್ಲಿ ಪಳಗಿದ ಕಾಲೇ ಅವನನ್ನು ಕಾಪಾಡಿತು. 1994 ಮತ್ತು 1995ರಲ್ಲಿ ಹ್ಯೂಸ್ಟನ್ ತಂಡ ಗೆದ್ದದ್ದು ಅವನ ಬಲದಿಂದ.

ಇನ್ನೊಂದು ಗುಟ್ಟು ವಯಸ್ಸಿನದು. ಬೇಗ ಮೀಸೆ ಚಿಗುರಿದ ಹುಡುಗ 14ಕ್ಕೆ ತರಗತಿಗೆಲ್ಲ ಭೀಮನಾಗಿ ಕಂಡು 16ಕ್ಕೆ ನಿಂತುಬಿಡಬಹುದು. ಸಣಕಲನೊಬ್ಬ 18ರ ತನಕ ಬೆಳೆಯಬಹುದು. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲು ನೋವು ಸಾಮಾನ್ಯ; ಆಗ ಹುಡುಗ ತಡವರಿಸುತ್ತಾನೆ. ‘ಸೋಮಾರಿ’ ಅಂತ ಬೈದು ಓಡಿಸಿದರೆ ಬೆಳೆ ಬರುವ ಮೊದಲೇ ಗದ್ದೆಗೆ ದನ ಬಿಟ್ಟಂತೆ.

ಹಾಗಾದರೆ ನೋಡಬೇಕಾದ್ದೇನು? ಹಿಂದಕ್ಕೆ ಓಡಿಸಿ, ತಟ್ಟನೆ ತಿರುಗಿಸಿ ನೋಡಿ, ಕಾಲು ಗೊತ್ತಾಗುತ್ತೆ. ಚೆಂಡನ್ನು ನೆಲದ ಹತ್ತಿರ ಎಸೆಯಿರಿ, ಕೈ ಗೊತ್ತಾಗುತ್ತೆ. ಹತ್ತು ಫ್ರೀ ಥ್ರೋ ಹಾಕಿಸಿ, ಗುರಿ ಗೊತ್ತಾಗುತ್ತೆ. ಎಲ್ಲಕ್ಕಿಂತ ಮುಖ್ಯ, ಇವತ್ತು ಒಂದು ಪಟ್ಟು ಹೇಳಿಕೊಟ್ಟು ತಿಂಗಳು ಬಿಟ್ಟು ಮತ್ತೆ ಕರೆಸಿ. ಕಲಿತಿದ್ದಾನೋ ಇಲ್ಲವೋ ನೋಡಿ. ಒಂದೇ ದಿನದ ಆಯ್ಕೆ ಶಿಬಿರದಲ್ಲಿ ಇದು ಆಗುವ ಮಾತಲ್ಲ.

ನಮ್ಮ ದೇಶದವನೇ ಆದ ಸತ್ನಾಂ ಸಿಂಗ್ ಕಥೆ ನೋಡಿ. ಪಂಜಾಬಿನ ಬಲ್ಲೋ ಕೆ ಹಳ್ಳಿಯ ರೈತನ ಮಗ, 7 ಅಡಿ 2 ಇಂಚು. ಲೂಧಿಯಾನದಲ್ಲಿ ಕಲಿತು 2010ರಲ್ಲಿ ಅಮೆರಿಕಕ್ಕೆ ಹೋದ. 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರಲ್ಲಿ ಅವನೇ ಮೊದಲಿಗ. ದೇಶವೆಲ್ಲ ಕುಣಿಯಿತು. ಆದರೆ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಅವನು ಆಡಲಿಲ್ಲ. ಅಷ್ಟರಲ್ಲಿ ಆಟದ ವೇಗ ಬೇರೆಯಾಗಿತ್ತು. ದೂರದಿಂದ ಗುರಿ ಇಡುವ, ಹೊರಗೆ ಓಡಿಬಂದು ತಡೆಯುವ ಉದ್ದದವರು ಬೇಕಾಗಿದ್ದರು. 2021ರಲ್ಲಿ ಅವನು ಅಲ್ಲಿನ ವೃತ್ತಿಪರ ಕುಸ್ತಿ ಸೇರಿದ.

ಅಲ್ಲಿಯ ತನಕ ಹೋದವನ ಪಾಡೇ ಹೀಗಾದರೆ ನಮ್ಮೂರ ಹುಡುಗನದು? ಎತ್ತರ ನೋಡಿ ಹಾಸ್ಟೆಲಿಗೆ ಸೇರಿಸಿ, ಎರಡು ವರ್ಷಕ್ಕೆ ‘ಇವನ ಕಾಲು ಓಡಲ್ಲ’ ಅಂತ ಮನೆಗೆ ಕಳಿಸಿದರೆ ಆಟವೂ ಹೋಯ್ತು, ಎಸ್ಸೆಸ್ಸೆಲ್ಸಿಯೂ ಹೋಯ್ತು. ಆ ನಷ್ಟವನ್ನು ಕಟ್ಟಿಕೊಡೋರು ಯಾರು?

ಆದ್ದರಿಂದ ಉದ್ದ ಹುಡುಗನನ್ನು ಆರಿಸಿದವರು 18 ತುಂಬುವ ತನಕ ಕೈಬಿಡಬಾರದು. ಓದೂ ನಿಲ್ಲಬಾರದು. ಮನೆಯಲ್ಲಿ ಮಗ ಬಾಗಿಲಿಗೆ ಹಣೆ ಬಡಿಸಿಕೊಳ್ಳುತ್ತಿದ್ದರೆ ಅಪ್ಪಂದಿರು ಕೋಚನ್ನು ಕೇಳಬೇಕಾದ ಪ್ರಶ್ನೆ ‘ಸೆಲೆಕ್ಟ್ ಆಗ್ತಾನಾ ಸಾರ್?’ ಅಂತಲ್ಲ. ‘ಮೂರು ವರ್ಷದಲ್ಲಿ ಇವನಿಗೆ ಏನೇನು ಕಲಿಸ್ತೀರಿ?’ ಅಂತ. ಉತ್ತರ ಕೊಡಲಾಗದೆ ಟೇಪು ಮಡಿಚಿ ಜೇಬಿಗೆ ಹಾಕಿಕೊಳ್ಳುವವರ ಕೈಗೆ ಮಗನನ್ನು ಕೊಡಬೇಡಿ.