ಸಂಜೆ ಮಾಡಿದ ಕೆಲಸದ ಬಿಲ್ಲನ್ನೂ ಪಾವತಿಸಿ

ವೆಬ್‌ಸೈಟ್ ಮಾಡಿಸಿಕೊಳ್ಳುವ ಶಾಲೆ, ಸಂಘ, ಹೋಂಸ್ಟೇ, ಅಂಗಡಿಗಳ ಆಡಳಿತದವರಿಗೆ, ಹಾಗೂ ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿಗಳಿಗೆ



ಹಗಲು ಮುದ್ರಣಾಲಯದಲ್ಲಿ ಡಿಟಿಪಿ, ಸಂಜೆ ಮನೆಯಲ್ಲಿ ವೆಬ್‌ಸೈಟ್ ವಿನ್ಯಾಸ. ಹೀಗೆ ಎರಡು ಕೆಲಸ ಮಾಡಿ ಸಂಸಾರ ತೂಗಿಸುವವರು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆ ನಾನೊಬ್ಬಳೇ ಅಲ್ಲ. ನಮ್ಮೆಲ್ಲರ ದೂರು ಒಂದೇ: ಕೆಲಸ ಮಾಡಿಸಿಕೊಂಡವರು ದುಡ್ಡು ಕೊಡುವುದಿಲ್ಲ. ಕೊಟ್ಟರೂ ಮಾತಾಡಿದಷ್ಟು ಕೊಡುವುದಿಲ್ಲ.

ಒಂದು ಶಿಕ್ಷಣ ಸಂಸ್ಥೆಯಿಂದ ನನಗೆ ಬರಬೇಕಾದ ಹಣ ವರ್ಷದಿಂದ ಬಾಕಿ ಇದೆ. ವೆಬ್‌ಸೈಟ್ ನಡೆಯುತ್ತಿದೆ, ಈ ಸಲದ ಪ್ರವೇಶದ ಅರ್ಜಿಗಳೂ ಅದರಲ್ಲೇ ಬಂದಿವೆ. ಕೇಳಿದಾಗ ಮೊದಲು ‘ಕಮಿಟಿ ಮೀಟಿಂಗ್ ಆಗಲಿ’ ಎಂದರು, ಆಮೇಲೆ ‘ಆಡಿಟ್ ಮುಗೀಲಿ’ ಎಂದರು. ಕೊನೆಗೆ ಬಂದ ಉತ್ತರ, ‘ನಿಮಗೇನು ಮೇಡಂ, ಸಂಬಳ ಬರುತ್ತಲ್ಲ, ಇದು ಸೈಡ್ ಕೆಲಸ ತಾನೆ?’ ಈ ಪತ್ರ ಬರೆಸಿದ್ದು ಆ ಮಾತು. ಸಂಜೆ ಬಂದು ವೈರಿಂಗ್ ಮಾಡಿಕೊಟ್ಟ ಎಲೆಕ್ಟ್ರಿಷಿಯನ್‌ಗೆ ಯಾರೂ ಹಾಗೆ ಹೇಳುವುದಿಲ್ಲ. ನಾನು ಬೇರೆಡೆ ಸಂಬಳ ಪಡೆಯುವುದಕ್ಕೂ ನೀವು ನನಗೆ ಕೊಡಬೇಕಾದ ಹಣಕ್ಕೂ ಸಂಬಂಧವೇ ಇಲ್ಲ.

ಬೆಲೆಯ ವಿಚಾರವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಜಗಳವೆಲ್ಲ ಶುರುವಾಗುವುದು ಅಲ್ಲಿಂದಲೇ. ಒಂದು ಶಾಲೆಯ ವೆಬ್‌ಸೈಟ್‌ಗೆ 25 ಸಾವಿರ ರೂಪಾಯಿ ಎಂದರೆ ‘ನಮ್ಮ ಅಕ್ಕನ ಮಗ 5 ಸಾವಿರಕ್ಕೆ ಮಾಡಿಕೊಡ್ತಾನೆ’ ಎನ್ನುತ್ತಾರೆ. ಡೊಮೇನ್ ಮತ್ತು ಹೋಸ್ಟಿಂಗ್‌ನ ಶುಲ್ಕ ಪ್ರತಿವರ್ಷ ಕಟ್ಟುವಂಥದ್ದು, ಅದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಆಮೇಲೆ ನೀವು ಕೊಡುವ ಬರಹ. ಬಹುಪಾಲು ಅದು ಹಳೆಯ ‘ನುಡಿ’ ಫಾಂಟ್‌ನಲ್ಲಿ, ಪೇಜ್‌ಮೇಕರ್ ಕಡತದಲ್ಲಿ ಬರುತ್ತದೆ. ಅದನ್ನು ಹಾಗೇ ವೆಬ್‌ಸೈಟ್‌ಗೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಇವೆ, ನಿಜ. ಆದರೆ ಬದಲಿಸಿದ ಮೇಲೆ ಅರ್ಕಾವತ್ತು ಜಾಗ ತಪ್ಪಿರುತ್ತದೆ, ನಡುವೆ ಇದ್ದ ಇಂಗ್ಲಿಷ್ ಹೆಸರುಗಳು ಕನ್ನಡದ ಕಲಸುಮೇಲೋಗರವಾಗಿರುತ್ತವೆ. ಸಂಸ್ಥಾಪಕರ ಹೆಸರಿನಿಂದ ಹಿಡಿದು ಶುಲ್ಕದ ಪಟ್ಟಿಯವರೆಗೆ ಸಾಲು ಸಾಲಾಗಿ ಕೂತು ತಿದ್ದಬೇಕು. ಕನ್ನಡದ ವೆಬ್‌ಸೈಟ್ ಮಾಡುವವರಿಗಷ್ಟೇ ಗೊತ್ತಿರುವ ಈ ದುಡಿಮೆಗೆ ಯಾವ ಕೊಟೇಶನ್‌ನಲ್ಲೂ ಒಂದು ಸಾಲು ಇರುವುದಿಲ್ಲ. ನನ್ನ ಮಟ್ಟಿಗೆ ವಿನ್ಯಾಸಕ್ಕಿಂತ ಹೆಚ್ಚು ರಾತ್ರಿಗಳನ್ನು ತಿಂದಿರುವುದು ಇದೇ. ಫೋಟೊಗಳು ವಾಟ್ಸ್‌ಆ್ಯಪ್‌ನಲ್ಲಿ ಮಸುಕಾಗಿ ಬರುತ್ತವೆ. ಎಲ್ಲ ಮುಗಿದ ಮೇಲೆ ‘ಒಂದು ಸಣ್ಣ ಚೇಂಜ್’ ಎಂಬ ಫೋನುಗಳು ಶುರುವಾಗುತ್ತವೆ. ಎಷ್ಟು ಸಲ ತಿದ್ದುಪಡಿ, ಅದರಾಚೆಗೆ ಎಷ್ಟು ದರ ಎಂಬುದನ್ನು ಮೊದಲೇ ಬರೆದುಕೊಳ್ಳೋಣ ಎಂದರೆ ‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ಬರೆದುಕೊಂಡರೆ ಇಬ್ಬರಿಗೂ ನೆಮ್ಮದಿ ಎಂಬುದು ಅವರಿಗೆ ಏಕೆ ತಿಳಿಯುವುದಿಲ್ಲವೋ.

ಬಿಲ್ ಕೊಟ್ಟ ಮೇಲಿನ ತಕರಾರುಗಳು ಬೇರೆ. ‘ಜಿಎಸ್‌ಟಿ ನಂಬರ್ ಇಲ್ಲದ ಬಿಲ್ ಪಾಸಾಗಲ್ಲ’ ಎಂದು ಅಕೌಂಟೆಂಟ್ ವಾಪಸ್ ಕೊಡುತ್ತಾರೆ. ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದವರು ತೆರಿಗೆ ಸೇರಿಸಿ ವಸೂಲಿ ಮಾಡುವುದೇ ತಪ್ಪು. ಹೆಸರು, ವಿಳಾಸ, ಪ್ಯಾನ್, ಕೆಲಸದ ವಿವರ, ಮೊತ್ತ, ತಾರೀಖು ಇರುವ ನಮ್ಮ ಬಿಲ್ ಸರಿಯಾದ ಬಿಲ್. ಇನ್ನು ಕೆಲವರು ಸಣ್ಣ ಮೊತ್ತಕ್ಕೂ ನೂರಕ್ಕೆ ಹತ್ತರಂತೆ ಟಿಡಿಎಸ್ ಮುರಿದುಕೊಳ್ಳುತ್ತಾರೆ. ವರ್ಷದಲ್ಲಿ ಒಬ್ಬರಿಗೆ ಕೊಡುವ ವೃತ್ತಿ ಶುಲ್ಕ 50 ಸಾವಿರ ದಾಟದಿದ್ದರೆ ಅದನ್ನು ಮುರಿಯಬೇಕಾಗಿಲ್ಲ. 30 ಸಾವಿರ ಇದ್ದ ಆ ಮಿತಿ 2025ರ ಏಪ್ರಿಲ್‌ನಲ್ಲಿ ಏರಿದೆ. ಮುರಿದರೂ ಒಪ್ಪಿಕೊಳ್ಳಬಹುದು, ಆದರೆ ಮುರಿದದ್ದನ್ನು ಸರ್ಕಾರಕ್ಕೆ ಕಟ್ಟಬೇಡವೇ? ನನ್ನ ಪ್ಯಾನ್‌ನ ತೆರಿಗೆ ಲೆಕ್ಕದಲ್ಲಿ ಆ ಹಣ ಕಾಣದಿದ್ದಾಗ ನಾನು ಯಾರ ಬಾಗಿಲು ತಟ್ಟಬೇಕು?

ಹೆಚ್ಚು ನೋಯಿಸುವುದು ಬೆದರಿಕೆ. ‘ನೀವು ಹೊರಗೆ ಕೆಲಸ ಮಾಡೋದು ನಿಮ್ಮ ಓನರ್‌ಗೆ ಗೊತ್ತಾ?’ ಎಂದು ನಗುತ್ತಲೇ ಕೇಳುತ್ತಾರೆ. ನಮ್ಮ ಮಾಲೀಕರಿಗೆ ಗೊತ್ತಿದೆ, ಅವರ ಒಪ್ಪಿಗೆ ಪಡೆದೇ ಮಾಡುತ್ತಿದ್ದೇನೆ. ಆದರೆ ಕಂಪನಿಗಳಲ್ಲಿರುವ ಹುಡುಗರಿಗೆ ಈ ಪ್ರಶ್ನೆ ಕೇಳಿದರೆ ಕೈಕಾಲು ತಣ್ಣಗಾಗುತ್ತದೆ. ಪ್ರತಿಸ್ಪರ್ಧಿಗಳಿಗೆ ದುಡಿಯುತ್ತಿದ್ದರೆಂದು 300 ಮಂದಿಯನ್ನು ತೆಗೆದುದಾಗಿ 2022ರಲ್ಲಿ ವಿಪ್ರೊ ಹೇಳಿದ್ದನ್ನು ಅವರು ಮರೆತಿಲ್ಲ. ಕೆಲಸಗಾರ ಮತ್ತು ಅವನ ಕಂಪನಿಯ ನಡುವಿನ ಷರತ್ತು ಅವರಿಬ್ಬರದ್ದು. ಅದನ್ನು ಹಿಡಿದು ಬಾಕಿ ತಪ್ಪಿಸಿಕೊಳ್ಳುವುದು ಅನ್ಯಾಯ.

ಬಾಕಿ ಬಾರದಿದ್ದರೆ ವೆಬ್‌ಸೈಟ್ ಬಂದ್ ಮಾಡಿಬಿಡು ಎಂದು ಗೆಳೆಯರು ಹೇಳುತ್ತಾರೆ. ನನಗೆ ಮನಸ್ಸು ಬರುವುದಿಲ್ಲ. ಶುಲ್ಕ ಕಟ್ಟುವ ಪೋಷಕರದ್ದೇನು ತಪ್ಪು? ಡೊಮೇನನ್ನೂ ಯಾವಾಗಲೂ ಗಿರಾಕಿಯ ಹೆಸರಲ್ಲೇ ಕೊಳ್ಳುತ್ತೇನೆ, ಅದು ಅವರ ಸ್ವತ್ತು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನಿಮ್ಮಲ್ಲಿ ನೌಕರಿಗಿಲ್ಲದವರು ಬರೆದ ಕೋಡ್‌ನ ಹಕ್ಕು ಬರವಣಿಗೆಯಲ್ಲಿ ವರ್ಗಾಯಿಸದೆ ನಿಮ್ಮದಾಗುವುದಿಲ್ಲ ಎಂಬುದನ್ನೂ ಆಡಳಿತ ಮಂಡಳಿಗಳು ತಿಳಿದಿರಬೇಕು.

ಕಾನೂನು ನಮ್ಮ ಕಡೆ ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ನೋಂದಾಯಿತ ಕಿರು ಉದ್ಯಮಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಸಲ್ಲಬೇಕು. ಕೆಲಸ ಕೈಗೆ ಬಂದು 15 ದಿನದೊಳಗೆ ಲಿಖಿತ ಆಕ್ಷೇಪ ಎತ್ತದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಕೊಳ್ಳುವವರು ಶಾಲೆಯಾಗಲಿ ಸಂಘವಾಗಲಿ, ವಿನಾಯಿತಿ ಇಲ್ಲ. ಉದ್ಯಮ್ ನೋಂದಣಿ ಉಚಿತ, ಬಾಕಿಯ ಬಗ್ಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಗೆಳೆಯರಿಗೊಂದು ಮಾತು: ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಸಿಕೊಳ್ಳಿ, ಆಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಹಾಗಿದ್ದರೂ ದೂರು ಕೊಡುವವರು ಕಡಿಮೆ. ಊರು ಚಿಕ್ಕದು, ಒಂದು ಕಡೆ ಕೇಸು ಹಾಕಿದರೆ ಇನ್ನೆಲ್ಲೂ ಕೆಲಸ ಹುಟ್ಟುವುದಿಲ್ಲ ಎಂಬ ಭಯ. ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ತಂದ ಕಾಯ್ದೆ ಆ್ಯಪ್ ಮತ್ತು ವೇದಿಕೆಗಳ ಮೂಲಕ ದುಡಿಯುವವರದ್ದು, ಗಿರಾಕಿಯಿಂದ ನೇರವಾಗಿ ಕೆಲಸ ಪಡೆಯುವ ನಮ್ಮನ್ನು ಮುಟ್ಟುವುದಿಲ್ಲ. ನ್ಯೂಯಾರ್ಕ್ ನಗರದಲ್ಲಿ 2017ರಿಂದ 800 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ಬಿಡಿ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಅಂಥದ್ದೊಂದು ನಿಯಮ ಇಲ್ಲಿಯೂ ಬರಲಿ. ಅಲ್ಲಿಯವರೆಗೆ ಜಿಲ್ಲಾ ಕೈಗಾರಿಕಾ ಕೇಂದ್ರದವರು ಒಂದು ಪುಟದ ಮಾದರಿ ಒಪ್ಪಂದವನ್ನು, ಮಾದರಿ ಬಿಲ್ಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಲಿ. ಬಾಕಿಯ ದೂರಿನ ಅರ್ಜಿ ತುಂಬಲು ವಾರಕ್ಕೊಂದು ಸಂಜೆ ಒಬ್ಬ ಸಿಬ್ಬಂದಿಯನ್ನು ಕೂರಿಸಲಿ. ಹಗಲು ನಾವು ಕೆಲಸ ಬಿಟ್ಟು ಬರಲಾಗುವುದಿಲ್ಲ.

ನನ್ನ ಬಾಕಿ ಉಳಿಸಿಕೊಂಡಿರುವ ಸಂಸ್ಥೆಯವರಲ್ಲಿ ವಿನಂತಿ: ಬಿಲ್ ನಿಮ್ಮ ಕಚೇರಿಯಲ್ಲಿದೆ, ಖಾತೆ ಸಂಖ್ಯೆ ಅದರ ಕೆಳಗೇ ಇದೆ. ಈ ತಿಂಗಳ ಸಭೆಯಲ್ಲಿ ಅದನ್ನು ಮಂಡಿಸಿ ಪಾವತಿಸಿ.

ಇಂತಿ,
ಒಬ್ಬ ವೆಬ್ ವಿನ್ಯಾಸಗಾರ್ತಿ
ಶಿವಮೊಗ್ಗ